ಸಭಿಕನ ಪಾಲು: ಕ್ರ್ಯಾಪ್ಸ್ ಎಂಬ ದಾಳದಾಟದ ಚರಿತ್ರೆ ಮತ್ತು ಗಣಿತ

ದ್ಯೂತವು ಮನುಷ್ಯನ ವ್ಯಸನಗಳೊಳಗೆ ಅತಿ ಪ್ರಾಚೀನವಾದುವುಗಳಲ್ಲೊಂದು. ಜೂಜಿನಲ್ಲಿ ಮನೆಮಾರುಗಳನ್ನು ಕಳೆದುಕೊಂಡವನ ಸಂಕಟವನ್ನು ಹೇಳುವುದಕ್ಕಾಗಿಯೇ ಋಗ್ವೇದದ ಹತ್ತನೆಯ ಮಂಡಲದಲ್ಲಿ ಒಂದು ಸೂಕ್ತವಿದೆ. ಮನುವು ದ್ಯೂತವನ್ನು ರಾಷ್ಟ್ರದಿಂದಲೇ ಹೊರಗಟ್ಟಬೇಕೆಂದು ವಿಧಿಸಿದನು. ಯಾಜ್ಞವಲ್ಕ್ಯನಾದರೋ, ಅದನ್ನು ಪೂರ್ಣವಾಗಿ ನಿಲ್ಲಿಸುವುದು ಅಸಾಧ್ಯವೆಂದು ಬಲ್ಲವನಂತೆ, ಅದು ರಾಜನ ಅಂಕೆಯೊಳಗೆ ನಡೆಯಲೆಂದು ಕಟ್ಟಳೆಗಳನ್ನು ಮಾಡಿದನು. ಜೂಜಿನ ಮನೆಯನ್ನು ನಡೆಯಿಸುವವನಿಗೆ ಸಭಿಕನೆಂದು ಹೆಸರು. ನೂರು ಪಣವನ್ನೋ ಅದಕ್ಕೂ ಹೆಚ್ಚಾಗಿಯೋ ಗೆದ್ದವನಿಂದ ನೂರಕ್ಕೆ ಐದರಂತೆಯೂ, ಉಳಿದವರಿಂದ ನೂರಕ್ಕೆ ಹತ್ತರಂತೆಯೂ ಈ ಸಭಿಕನು ತನ್ನ ಪಾಲನ್ನು ತೆಗೆದುಕೊಳ್ಳಬಹುದು. ಸೋತವನಿಂದ ಹಣವನ್ನು ವಸೂಲು ಮಾಡಿ ಗೆದ್ದವನಿಗೆ ಒಪ್ಪಿಸಬೇಕು. ರಾಜನಿಗೆ ಗೊತ್ತುಮಾಡಿದ ಭಾಗವನ್ನು ಸಲ್ಲಿಸಬೇಕು. ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನ ಮಿತಾಕ್ಷರೆಯಲ್ಲಿ ಈ ಪ್ರಕರಣವೂ ವಿವರಿಸಲ್ಪಟ್ಟಿದೆ. ೧೯೦೯ರಲ್ಲಿ ಮೈಸೂರಿನ ಪಂಡಿತ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ದ್ಯೂತಾಧ್ಯಕ್ಷನು ಗೆದ್ದ ದ್ರವ್ಯದಲ್ಲಿ ನೂರಕ್ಕೆ ಐದನ್ನು ತೆಗೆದುಕೊಳ್ಳತಕ್ಕದ್ದೆಂದಿದೆ. ಇದಲ್ಲದೆ ದಾಳಗಳ ಬಾಡಿಗೆ, ನೀರಿನ ಮತ್ತು ಸ್ಥಳದ ಶುಲ್ಕಗಳೂ ಅವನಿಗೆ ಸಲ್ಲುತ್ತವೆ.

ಈ ಏರ್ಪಾಟಿನಲ್ಲಿ ಗಮನಿಸತಕ್ಕ ಅಂಶವೊಂದುಂಟು. ಸಭಿಕನ ಪಾಲು ಇಲ್ಲಿ ಬಹಿರಂಗವಾದದ್ದು. ಆಡಲು ಕುಳಿತವನಿಗೆ ತಾನು ಎಷ್ಟು ತೆರುತ್ತೇನೆಂಬುದು ಮೊದಲೇ ತಿಳಿದಿರುತ್ತದೆ. ಅಮೆರಿಕಾ ದೇಶದ ಕ್ಯಾಸಿನೊಗಳೆಂಬ ಜೂಜಿನ ಭವನಗಳಲ್ಲಿ ಕ್ರ್ಯಾಪ್ಸ್ ಎಂಬ ದಾಳದಾಟವು ನಡೆಯುತ್ತದೆ. ಅಲ್ಲಿ ಪ್ರಧಾನವಾದ ಪಣಗಳನ್ನು ಒಡ್ಡುವವನಿಂದ ಯಾವ ಶುಲ್ಕವನ್ನೂ ಕೇಳುವುದಿಲ್ಲ. ಗೆದ್ದವನಿಗೆ ಒಂದಕ್ಕೊಂದು ಸಮವಾಗಿ, ಕಾಸೂ ಕಡಮೆಯಿಲ್ಲದಂತೆ, ಹಣವನ್ನು ಎಣಿಸಿ ಕೊಡುತ್ತಾರೆ. ಹೀಗಿದ್ದರೂ ಆ ಭವನಗಳು ವೈಭವದಿಂದ ಬಾಳುತ್ತಿವೆ. ಹಾಗಾದರೆ ಸಭಿಕನ ಪಾಲು ಎಲ್ಲಿ ಅಡಗಿದೆ? ಈ ಪ್ರಶ್ನೆಗೆ ಉತ್ತರವನ್ನು ಆಟದ ಚರಿತ್ರೆಯಲ್ಲಿಯೂ, ಎರಡು ದಾಳಗಳ ಎಣಿಕೆಯಲ್ಲಿಯೂ ಹುಡುಕಬೇಕಾಗಿದೆ.

ಮೊದಲು ಎಣಿಕೆಯನ್ನು ನೋಡೋಣ. ಒಂದು ದಾಳಕ್ಕೆ ಆರು ಮುಖಗಳು. ಒಂದರಿಂದ ಆರರವರೆಗೆ ಚುಕ್ಕೆಗಳು. ಎದುರುಬದುರಾದ ಮುಖಗಳ ಮೊತ್ತವು ಯಾವಾಗಲೂ ಏಳು. ಇಂತಹ ಎರಡು ದಾಳಗಳನ್ನು ಒಟ್ಟಿಗೆ ಎಸೆದರೆ ಮೊದಲನೆಯದರ ಒಂದೊಂದು ಮುಖಕ್ಕೂ ಎರಡನೆಯದರ ಆರು ಮುಖಗಳು ಕೂಡುವುದರಿಂದ ಒಟ್ಟು ೩೬ ಬಗೆಗಳು ಉಂಟಾಗುತ್ತವೆ. ಆದರೆ ಮೊತ್ತಗಳು ಎರಡರಿಂದ ಹನ್ನೆರಡರವರೆಗೆ ಹನ್ನೊಂದೇ. ಆದುದರಿಂದ ಎಲ್ಲ ಮೊತ್ತಗಳೂ ಸಮವಾಗಿ ಬೀಳಲಾರವು. ೨ ಬೀಳುವುದು ಒಂದೇ ಬಗೆಯಲ್ಲಿ, ೩ ಎರಡು ಬಗೆಗಳಲ್ಲಿ, ೪ ಮೂರು, ೫ ನಾಲ್ಕು, ೬ ಐದು, ೭ ಆರು ಬಗೆಗಳಲ್ಲಿ. ಅಲ್ಲಿಂದ ಮುಂದೆ ಏರಿದಂತೆಯೇ ಇಳಿತ: ೮ಕ್ಕೆ ಐದು, ೯ಕ್ಕೆ ನಾಲ್ಕು, ೧೦ಕ್ಕೆ ಮೂರು, ೧೧ಕ್ಕೆ ಎರಡು, ೧೨ಕ್ಕೆ ಒಂದು. ಈ ಶಿಖರದ ತುದಿಯಲ್ಲಿರುವ ಏಳೇ ಕ್ರ್ಯಾಪ್ಸ್ ಆಟದ ಅಧಿದೇವತೆ.

ಮಕ್ಕಳಿಗೂ ಸುಲಭವಾಗಿ ತೋರುವ ಈ ಎಣಿಕೆಯು ಯೂರೋಪಿನ ವಿದ್ವಾಂಸರಿಗೆ ಬಹುಕಾಲ ತಿಳಿಯಾಗಿರಲಿಲ್ಲ. ಅದನ್ನು ಶಾಸ್ತ್ರವಾಗಿ ಬರೆಯಲು ತೊಡಗಿದವರಲ್ಲಿ ಮೊದಲಿಗನು ಇಟಲಿಯ ಗಿರೊಲಾಮೊ ಕಾರ್ಡಾನೊ (೧೫೦೧–೧೫೭೬). ಆತನು ವೈದ್ಯನು, ಗಣಿತಜ್ಞನು, ಜೊತೆಗೆ ಜೂಜಿನ ಚಟಕ್ಕೆ ಸಿಕ್ಕಿದವನು. ದಾಳದಾಟವನ್ನು ಕುರಿತು ಆತನು ಲ್ಯಾಟಿನ್ ಭಾಷೆಯಲ್ಲಿ ಬರೆದ ಗ್ರಂಥವು ಆತನು ಸತ್ತು ಎಂಬತ್ತೇಳು ವರ್ಷಗಳಾದ ಮೇಲೆ, ೧೬೬೩ರಲ್ಲಿ ಅಚ್ಚಾಯಿತು. ಹದಿನೇಳನೆಯ ಶತಮಾನದ ಆದಿಭಾಗದಲ್ಲಿ ಗೆಲಿಲಿಯೊ ಇನ್ನೊಂದು ಸಂದೇಹವನ್ನು ಪರಿಹರಿಸಿದನು. ಮೂರು ದಾಳಗಳಿಂದ ಒಂಬತ್ತನ್ನು ಮಾಡುವ ಮೇಳಗಳೂ ಆರು, ಹತ್ತನ್ನು ಮಾಡುವ ಮೇಳಗಳೂ ಆರು. ಆದರೂ ಹತ್ತು ತುಸು ಹೆಚ್ಚಾಗಿ ಬೀಳುವುದೆಂದು ಆಟಗಾರರು ಅನುಭವದಿಂದ ಕಂಡಿದ್ದರು. ದಾಳಗಳನ್ನು ಬೇರೆಬೇರೆಯಾಗಿ ಎಣಿಸಿದರೆ ೨೧೬ ಬಗೆಗಳಲ್ಲಿ ಒಂಬತ್ತಕ್ಕೆ ೨೫, ಹತ್ತಕ್ಕೆ ೨೭ ಎಂದು ಗೆಲಿಲಿಯೊ ತೋರಿಸಿದನು. ಫ್ರಾನ್ಸಿನಲ್ಲಿ ೧೬೫೪ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಎಂಬ ಇಬ್ಬರು ಮಹಾಗಣಿತಜ್ಞರು ಪಣದ ಹಣವನ್ನು ನ್ಯಾಯವಾಗಿ ಹಂಚುವ ಬಗೆಯನ್ನು ಕುರಿತು ಪರಸ್ಪರ ಕಾಗದಗಳನ್ನು ಬರೆದುಕೊಂಡರು. ಇಂದು ವಿಮಾ ವ್ಯವಹಾರಕ್ಕೂ ಸಂಖ್ಯಾಶಾಸ್ತ್ರಕ್ಕೂ ಆಧಾರವಾಗಿರುವ ಸಂಭವಗಣಿತವು ಹೀಗೆ ಜೂಜಿನ ಕಟ್ಟೆಯ ಬಳಿಯಲ್ಲಿ ಹುಟ್ಟಿತು.

ಈ ಗಣಿತಜ್ಞರ ಮುಂದಿದ್ದ ಆಟಗಳೊಳಗೆ ಹೆಜರ್ಡ್ ಎಂಬುದೊಂದು. ಇಂಗ್ಲೆಂಡಿನಲ್ಲಿ ಹದಿನಾಲ್ಕನೆಯ ಶತಮಾನದಷ್ಟು ಹಿಂದೆಯೇ ಅದು ಪ್ರಸಿದ್ಧವಾಗಿದ್ದಿತು. ಚಾಸರ್ ಕವಿಯ ಕ್ಯಾಂಟರ್ಬರಿ ಕಥೆಗಳಲ್ಲಿ ಅದರ ಪ್ರಸ್ತಾಪವಿದೆ. ದಾಳವನ್ನು ಎಸೆಯುವವನು ಮೊದಲು ಐದರಿಂದ ಒಂಬತ್ತರೊಳಗೆ ಒಂದು ಅಂಕೆಯನ್ನು ಹೇಳುವನು, ಅದಕ್ಕೆ ಮುಖ್ಯಾಂಕವೆನ್ನಬಹುದು. ಮೊದಲ ಗರದಲ್ಲಿಯೇ ಅದು ಬಿದ್ದರೆ ಗೆಲವು. ೨ ಅಥವಾ ೩ ಬಿದ್ದರೆ ಸೋಲು. ೧೧ ಮತ್ತು ೧೨ರ ಫಲವು ಹೇಳಿದ ಮುಖ್ಯಾಂಕವನ್ನು ಅವಲಂಬಿಸಿರುವುದು. ಬೇರೆ ಯಾವ ಮೊತ್ತ ಬಿದ್ದರೂ ಅದು ಎಸೆಯುವವನ ಗುರಿಯಾಗುವುದು. ಅನಂತರ ಗುರಿಯು ಮತ್ತೆ ಬೀಳುವವರೆಗೆ, ಇಲ್ಲವೆ ಮುಖ್ಯಾಂಕವು ಬೀಳುವವರೆಗೆ ಎಸೆಯುತ್ತಿರಬೇಕು. ಗುರಿಯು ಮೊದಲು ಬಿದ್ದರೆ ಗೆಲವು. ಮುಖ್ಯಾಂಕವು ಮೊದಲು ಬಿದ್ದರೆ ಸೋಲು. ಮೊದಲ ಗರದಲ್ಲಿ ಗೆಲವನ್ನು ತರುವ ಅಂಕೆಯೇ ಎರಡನೆಯ ಗರದಿಂದ ವೈರಿಯಾಗುವ ಈ ವೈಚಿತ್ರ್ಯವೇ ಆಟದ ಆಕರ್ಷಣೆ.

ಈ ಆಟವು ಎಷ್ಟು ಮನೆತನಗಳನ್ನು ನುಂಗಿತೆಂಬುದಕ್ಕೆ ಲಂಡನ್ ನಗರದ ಕ್ರಾಕ್‌ಫರ್ಡನ ಕ್ಲಬ್ಬೇ ಸಾಕ್ಷಿ. ವಿಲಿಯಂ ಕ್ರಾಕ್‌ಫರ್ಡನು ಮೀನು ಮಾರುವವನ ಮಗ. ಆತನು ೧೮೨೮ರಲ್ಲಿ ಸೇಂಟ್ ಜೇಮ್ಸ್ ಬೀದಿಯಲ್ಲಿ ಅರಮನೆಯಂತಹ ಕ್ಲಬ್ಬನ್ನು ತೆರೆದು, ಶ್ರೇಷ್ಠನಾದ ಫ್ರೆಂಚ್ ಬಾಣಸಿಗನನ್ನು ನೇಮಿಸಿ, ಹೆಜರ್ಡ್ ಆಟಕ್ಕೆ ತಾನೇ ಹಣದ ಗಂಟನ್ನು ಇಟ್ಟನು. ಇಂಗ್ಲೆಂಡಿನ ಶ್ರೀಮಂತಕುಲಗಳ ಎಳೆಯರು ಪಿತ್ರಾರ್ಜಿತವಾದ ಆಸ್ತಿಗಳನ್ನು ಆ ಮೇಜಿನ ಮೇಲೆ ಕರಗಿಸಿದರು. ೧೮೪೦ರಲ್ಲಿ ಕ್ರಾಕ್‌ಫರ್ಡನು ಅಪಾರವಾದ ಧನದೊಡನೆ ವ್ಯವಹಾರದಿಂದ ನಿವೃತ್ತನಾದನು. ದಾಳಗಳು ಕಪಟವಿಲ್ಲದವಾದರೂ ಗಂಟಿನ ಒಡೆಯನೇ ಕೊನೆಗೆ ಗೆಲ್ಲುವನೆಂಬ ಪಾಠವು ಆಗಲೇ ಜನರ ಕಣ್ಣೆದುರಿಗಿತ್ತು.

ಹೆಜರ್ಡ್ ಆಟದಲ್ಲಿ ೨ ಮತ್ತು ೩ರ ಗರಗಳಿಗೆ ಕ್ರ್ಯಾಬ್ಸ್, ಎಂದರೆ ಏಡಿಗಳು, ಎಂಬ ಹೆಸರಿದ್ದಿತು. ಫ್ರೆಂಚರ ನಾಲಗೆಯಲ್ಲಿ ಆ ಹೆಸರು ಮಾರ್ಪಟ್ಟು ಕ್ರ್ಯಾಪ್ಸ್ ಆಯಿತೆಂಬುದು ನಿಘಂಟುಕಾರರ ಅಭಿಪ್ರಾಯ. ಫ್ರೆಂಚ್ ಮಾತನಾಡುವ ಜನರು ನೆಲೆಸಿದ್ದ ಅಮೆರಿಕಾದ ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಈ ಆಟವು ಬೇರೂರಿತು. ಅಲ್ಲಿಯ ಬರ್ನಾರ್ ದ ಮಾರಿಞೀ (೧೭೮೫–೧೮೬೮) ಎಂಬ ಜಮೀನುದಾರನ ಹೆಸರು ಇದರೊಡನೆ ಸೇರಿಕೊಂಡಿದೆ. ಚಿಕ್ಕ ವಯಸ್ಸಿನಲ್ಲಿಯೇ ದೊಡ್ಡ ಆಸ್ತಿಗೆ ಒಡೆಯನಾದ ಈತನು ೧೮೦೬ರ ಸುಮಾರಿಗೆ ತನ್ನ ತೋಟದ ಭೂಮಿಯನ್ನು ನಿವೇಶನಗಳಾಗಿ ಸೀಳಿ ಮಾರಿದನು. ಆ ಬಡಾವಣೆಗೆ ಇಂದಿಗೂ ಅವನ ಹೆಸರೇ ಇದೆ. ಅದರಲ್ಲಿ ಒಂದು ಬೀದಿಗೆ ಅವನು ಕ್ರ್ಯಾಪ್ಸ್ ಬೀದಿ ಎಂದು ಹೆಸರಿಟ್ಟನು. ೧೮೫೦ರಲ್ಲಿ ಆ ಹೆಸರು ಹೋಗಿ ಬರ್ಗಂಡಿ ಬೀದಿ ಎಂದಾಯಿತು. ದಾಳದಲ್ಲಿ ಹಣವನ್ನು ಕಳೆದುಕೊಂಡು ಆಟದ ಹೆಸರನ್ನು ನೆಲಕ್ಕೆ ಬರೆದು ಹೋದವರು ಲೋಕದಲ್ಲಿ ವಿರಳ.

ಅಮೆರಿಕಾದಲ್ಲಿ ಆಟವು ಸರಳವಾಯಿತು. ಮುಖ್ಯಾಂಕವನ್ನು ಆರಿಸಿ ಹೇಳುವ ಕ್ರಮವು ಬಿದ್ದುಹೋಗಿ, ಯಾವಾಗಲೂ ಏಳೇ ಮುಖ್ಯಾಂಕವೆಂದು ನಿಂತಿತು. ಲೆಕ್ಕವಿಟ್ಟು ನೋಡಿದರೆ ಹೆಜರ್ಡ್ ಆಟದ ಐದು ಮುಖ್ಯಾಂಕಗಳೊಳಗೆ ಎಸೆಯುವವನಿಗೆ ಕೂದಲೆಳೆಯಷ್ಟಾದರೂ ಹೆಚ್ಚಿನ ಅನುಕೂಲವಿರುವುದು ಏಳರಲ್ಲಿಯೇ. ಮಿಸಿಸಿಪಿ ನದಿಯ ದಡದಲ್ಲಿಯೂ ಹಡಗುಗಳಲ್ಲಿಯೂ ದುಡಿಯುತ್ತಿದ್ದ ಆಫ್ರಿಕಾ ಮೂಲದ ಶ್ರಮಿಕರು ಇದನ್ನು ಎತ್ತಿಕೊಂಡು ಊರಿಂದೂರಿಗೆ ಹರಡಿದರು. ಮೇಜು ಬೇಡ, ಹಾಸು ಬೇಡ. ಎರಡು ದಾಳಗಳೂ ಒಂದು ಗೋಡೆಯೂ ಇದ್ದರೆ ಸಾಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕಾದ ಸಿಪಾಯಿಗಳು ಕಂಬಳಿಯನ್ನು ಹಾಸಿ ಇದನ್ನೇ ಆಡುತ್ತಿದ್ದರು.

ಈಗ ಆಟದ ನಿಯಮವನ್ನು ಸಂಗ್ರಹವಾಗಿ ಹೇಳಬಹುದು. ಎಸೆಯುವವನೂ ಅವನ ಪರವಾಗಿ ಆಡುವವರೂ ಮೇಜಿನ ಹಾಸಿನಲ್ಲಿ ಪಾಸ್ ಎಂದು ಬರೆದಿರುವ ಗೆರೆಯ ಮೇಲೆ ಹಣವಿಡುತ್ತಾರೆ. ಮೊದಲ ಗರದಲ್ಲಿ ೭ ಅಥವಾ ೧೧ ಬಿದ್ದರೆ ಒಡನೆಯೇ ಗೆಲವು. ೨, ೩ ಅಥವಾ ೧೨ ಬಿದ್ದರೆ ಒಡನೆಯೇ ಸೋಲು. ೪, ೫, ೬, ೮, ೯, ೧೦ ಇವುಗಳಲ್ಲಿ ಯಾವುದು ಬಿದ್ದರೂ ಅದು ಗುರಿಯಾಗುತ್ತದೆ. ಅನಂತರ ಗುರಿಯು ಏಳಕ್ಕಿಂತ ಮೊದಲು ಬಿದ್ದರೆ ಗೆಲವು; ಏಳು ಮೊದಲು ಬಿದ್ದರೆ ಸೋಲು, ದಾಳಗಳು ಮುಂದಿನವನ ಕೈಗೆ ಹೋಗುತ್ತವೆ. ಗೆದ್ದರೆ ಒಡ್ಡಿದಷ್ಟೇ ಹಣವು ಲಾಭ.

ಇದರಲ್ಲಿ ಮೋಸವಿರುವಂತೆ ತೋರುವುದಿಲ್ಲ. ಮೊದಲ ಗರದಲ್ಲಿ ಗೆಲವಿನ ಬಗೆಗಳು ೭ಕ್ಕೆ ಆರು, ೧೧ಕ್ಕೆ ಎರಡು, ಒಟ್ಟು ಎಂಟು. ಸೋಲಿನ ಬಗೆಗಳು ನಾಲ್ಕೇ. ಆಟಗಾರನಿಗೆ ಇಮ್ಮಡಿ ಅನುಕೂಲ! ಆದರೆ ೩೬ರಲ್ಲಿ ಉಳಿದ ೨೪ ಬಗೆಗಳು ಗುರಿಗೆ ಸಲ್ಲುತ್ತವೆ. ಗುರಿಯು ನಿಂತೊಡನೆ ತಕ್ಕಡಿಯು ಇತ್ತಕಡೆಗೆ ವಾಲುತ್ತದೆ. ಗುರಿಯು ೪ ಎಂದಿಟ್ಟುಕೊಳ್ಳೋಣ. ನಾಲ್ಕಕ್ಕೆ ಮೂರು ಬಗೆಗಳು, ಏಳಕ್ಕೆ ಆರು. ಆದುದರಿಂದ ಮೂರು ಸಲದಲ್ಲಿ ಒಂದೇ ಸಲ ಗೆಲವು. ೧೦ಕ್ಕೂ ಹೀಗೆಯೇ. ೫ ಮತ್ತು ೯ಕ್ಕೆ ನಾಲ್ಕು ಬಗೆಗಳಿರುವುದರಿಂದ ಐದು ಸಲದಲ್ಲಿ ಎರಡು ಗೆಲವು. ೬ ಮತ್ತು ೮ಕ್ಕೆ ಐದು ಬಗೆಗಳಿರುವುದರಿಂದ ಹನ್ನೊಂದು ಸಲದಲ್ಲಿ ಐದು ಗೆಲವು. ಯಾವ ಗುರಿಯೂ ಅರ್ಧದಷ್ಟಾದರೂ ಅವಕಾಶವನ್ನು ಕೊಡುವುದಿಲ್ಲ.

ಎಲ್ಲವನ್ನೂ ಒಂದೇ ಲೆಕ್ಕದಲ್ಲಿ ಕಾಣಬೇಕಾದರೆ, ಭಿನ್ನರಾಶಿಗಳ ತೊಡಕಿಲ್ಲದಂತೆ, ೧೯೮೦ ಆಟಗಳನ್ನು ತೆಗೆದುಕೊಳ್ಳುವುದು ಅನುಕೂಲ. ದಾಳಗಳು ಸರಾಸರಿಗೆ ಸರಿಯಾಗಿ ಬಿದ್ದರೆ, ಮೊದಲ ಗರದಲ್ಲಿ ೭ ಬೀಳುವುದು ೩೩೦ ಸಲ, ೧೧ ಬೀಳುವುದು ೧೧೦ ಸಲ, ಗೆಲವು ೪೪೦. ೨ ಬೀಳುವುದು ೫೫ ಸಲ, ೩ ಬೀಳುವುದು ೧೧೦ ಸಲ, ೧೨ ಬೀಳುವುದು ೫೫ ಸಲ, ಸೋಲು ೨೨೦. ಉಳಿದ ೧೩೨೦ ಆಟಗಳು ಗುರಿಗೆ ಹೋಗುತ್ತವೆ. ೪ ಮತ್ತು ೧೦ ಒಂದೊಂದೂ ೧೬೫ ಸಲ ಗುರಿಯಾಗಿ ೫೫ ಸಲ ಗೆಲ್ಲಿಸುತ್ತವೆ, ೧೧೦ ಸಲ ಸೋಲಿಸುತ್ತವೆ. ೫ ಮತ್ತು ೯ ಒಂದೊಂದೂ ೨೨೦ ಸಲ ಗುರಿಯಾಗಿ ೮೮ ಗೆಲವು, ೧೩೨ ಸೋಲು. ೬ ಮತ್ತು ೮ ಒಂದೊಂದೂ ೨೭೫ ಸಲ ಗುರಿಯಾಗಿ ೧೨೫ ಗೆಲವು, ೧೫೦ ಸೋಲು. ಗುರಿಯ ಆಟಗಳಲ್ಲಿ ಒಟ್ಟು ಗೆಲವು ೫೩೬, ಸೋಲು ೭೮೪. ಮೊದಲ ಗರದ ಫಲವನ್ನೂ ಕೂಡಿಸಿದರೆ ೯೭೬ ಗೆಲವು, ೧೦೦೪ ಸೋಲು. ಅಂತರವು ೨೮. ಎಂದರೆ, ಒಡ್ಡಿದ ಪ್ರತಿ ನೂರು ಡಾಲರಿಗೆ ಸರಾಸರಿಯಾಗಿ ೧ ಡಾಲರ್ ೪೧ ಸೆಂಟುಗಳು ಮನೆಗೆ ಸಲ್ಲುತ್ತವೆ. ಸಭಿಕನ ಪಾಲು ಅಡಗಿರುವುದು ಇಲ್ಲಿ. ಮೊದಲ ಗರದಲ್ಲಿ ಆಟಗಾರನಿಗೆ ಕೊಟ್ಟದ್ದನ್ನು ಗುರಿಯಲ್ಲಿ ಬಡ್ಡಿಸಹಿತವಾಗಿ ಹಿಂದಕ್ಕೆ ಪಡೆಯುವುದೇ ಉಪಾಯ. ಆದುದರಿಂದಲೇ ಗುರಿಯು ನಿಂತಮೇಲೆ ಪಾಸ್ ಗೆರೆಯ ಹಣವನ್ನು ಹಿಂತೆಗೆಯಲು ಅಪ್ಪಣೆಯಿಲ್ಲ.

ಈ ಏರ್ಪಾಟು ಒಂದೇ ದಿನದಲ್ಲಿ ಆದದ್ದಲ್ಲ. ಬೀದಿಯ ಆಟದಲ್ಲಿ ಮನೆಯೇ ಇರಲಿಲ್ಲ. ಎಸೆಯುವವನ ಎದುರಿಗೆ ಇತರ ಆಟಗಾರರೇ ಹಣವೊಡ್ಡುತ್ತಿದ್ದರು, ೨೮ರ ಅಂತರವು ಅವರ ಪಾಲಿಗೆ ಹೋಗುತ್ತಿತ್ತು. ೧೯೦೭ರ ಸುಮಾರಿಗೆ ಜಾನ್ ವಿನ್ ಎಂಬ ದಾಳ ಮಾಡುವವನು ಮಧ್ಯವರ್ತಿಯಾಗಿ ನಿಂತು, ಎಸೆಯುವವನ ಪರವಾಗಿಯಾಗಲಿ ವಿರೋಧವಾಗಿಯಾಗಲಿ ಯಾರು ಬೇಕಾದರೂ ತನ್ನೊಡನೆ ಪಣವೊಡ್ಡಬಹುದೆಂದು ಸಾರಿದನು. ಆಟದ ಚರಿತ್ರೆಯನ್ನು ಬರೆದವರು ಹೇಳುವಂತೆ, ಅವನು ಇದಕ್ಕಾಗಿ ಐದು ಡಾಲರಿನ ಪಣಕ್ಕೆ ಕಾಲು ಡಾಲರನ್ನು ಶುಲ್ಕವಾಗಿ ಪಡೆಯುತ್ತಿದ್ದನು. ಅದು ನೂರಕ್ಕೆ ಐದು! ಕೌಟಿಲ್ಯನನ್ನು ಕನಸಿನಲ್ಲಿಯೂ ಕಾಣದ ಅಮೆರಿಕಾದವನ ಕೈಯಲ್ಲಿಯೂ ಅದೇ ದರವು ಕಾಣಿಸಿಕೊಂಡದ್ದು ವಿನೋದಕರವಾಗಿದೆ. ಕಾಲಕ್ರಮದಲ್ಲಿ ಈ ಬಹಿರಂಗ ಶುಲ್ಕವು ಪ್ರಧಾನ ಪಣಗಳಿಂದ ಮರೆಯಾಯಿತು. ಪರವಾಗಿ ಆಡುವವರಿಂದ ಮನೆಗೆ ಹೇಗೂ ಲಾಭವಿತ್ತು. ವಿರೋಧವಾಗಿ ಆಡುವವರಿಗೆ ಮಾತ್ರ ಏನಾದರೊಂದು ತಡೆ ಬೇಕಾಗಿತ್ತು. ಏಕೆಂದರೆ ಎಸೆಯುವವನ ೨೮ರ ನಷ್ಟವು ಅವರ ಲಾಭವಾಗುತ್ತಿತ್ತು.

ಆ ತಡೆಯೇ ಹನ್ನೆರಡರ ನಿಯಮ. ವಿರೋಧದ ಪಣಕ್ಕೆ ಡೋಂಟ್ ಪಾಸ್ ಎಂದು ಹೆಸರು. ಮೊದಲ ಗರದಲ್ಲಿ ೧೨ ಬಿದ್ದರೆ ಎಸೆಯುವವನು ಸೋಲುತ್ತಾನೆ. ಆದರೆ ವಿರೋಧಿಯು ಗೆಲ್ಲುವುದಿಲ್ಲ, ಅವನ ಹಣವು ಇದ್ದಲ್ಲಿಯೇ ಇರುತ್ತದೆ. ಕೆಲವು ಕಡೆ ೧೨ರ ಬದಲಾಗಿ ೨ನ್ನು ಹೀಗೆ ತಡೆಯುತ್ತಾರೆ, ಲೆಕ್ಕವು ಒಂದೇ. ಈ ಅಲ್ಪ ವಿನಾಯಿತಿಯಿಂದಾಗುವ ಮಾರ್ಪಾಡನ್ನು ನೋಡಬೇಕು. ವಿರೋಧಿಗೆ ಸಲ್ಲಬೇಕಾಗಿದ್ದ ೧೦೦೪ ಗೆಲವುಗಳಲ್ಲಿ ೫೫ ಕಳೆದು ೯೪೯ ಉಳಿಯುತ್ತವೆ, ಸೋಲು ೯೭೬, ಅಂತರವು ೨೭. ನೂರಕ್ಕೆ ೧.೩೬. ಹೀಗೆ ಆಟಗಾರನು ಯಾವ ಪಕ್ಷವನ್ನು ಹಿಡಿದರೂ ಮನೆಗೆ ಹೆಚ್ಚುಕಡಮೆ ಒಂದೇ ಲಾಭ. ಗುರಿಯು ನಿಂತ ಮೇಲೆ ವಿರೋಧದ ಪಣವನ್ನು ಹಿಂತೆಗೆಯಲು ಮನೆಯು ಸಂತೋಷದಿಂದ ಒಪ್ಪುತ್ತದೆ. ಆ ವೇಳೆಗೆ ಅನುಕೂಲವು ಆಟಗಾರನ ಕಡೆಗೆ ತಿರುಗಿರುವುದೇ ಆ ಔದಾರ್ಯಕ್ಕೆ ಕಾರಣ.

೧೯೩೧ರಲ್ಲಿ ನೆವಾಡಾ ಸಂಸ್ಥಾನವು ಜೂಜನ್ನು ಕಾನೂನಿಗೆ ಒಳಪಡಿಸಿ ಅನುಮತಿಸಿದ ಮೇಲೆ ಲಾಸ್ ವೇಗಸ್ ಪಟ್ಟಣದ ಭವನಗಳಲ್ಲಿ ಕ್ರ್ಯಾಪ್ಸ್ ಮೇಜು ನೆಲೆಯೂರಿತು. ಪೂರ್ವ ತೀರದ ಅಟ್ಲಾಂಟಿಕ್ ಸಿಟಿಯಲ್ಲಿ ಮೊದಲ ಕ್ಯಾಸಿನೊ ೧೯೭೮ರಲ್ಲಿ ತೆರೆಯಿತು. ತೊಟ್ಟಿಯಂತೆ ಸುತ್ತಲೂ ಗೋಡೆಯಿರುವ ಉದ್ದವಾದ ಮೇಜು. ಗೋಡೆಯ ಒಳಮೈಗೆ ಸಣ್ಣ ಸಣ್ಣ ಮೊನೆಗಳುಳ್ಳ ರಬ್ಬರಿನ ಹೊದಿಕೆ. ಎಸೆದ ದಾಳಗಳು ಎದುರಿನ ಗೋಡೆಗೆ ತಾಗಿ ಹಿಂತಿರುಗಬೇಕು; ಕೈಚಳಕಕ್ಕೆ ಎಡೆಯಿರಬಾರದೆಂಬುದೇ ಇದರ ಉದ್ದೇಶ. ದಾಳಗಳು ಒಳಗು ಕಾಣುವಂತೆ ಪಾರದರ್ಶಕವಾದುವು, ಅಂಚುಗಳು ಹರಿತ, ಚುಕ್ಕೆಗಳ ಕುಳಿಗಳನ್ನು ಅಷ್ಟೇ ತೂಕದ ದ್ರವ್ಯದಿಂದ ತುಂಬಿರುತ್ತಾರೆ. ಕೋಲು ಹಿಡಿದವನೊಬ್ಬನು ದಾಳಗಳನ್ನು ಎಳೆದು ಒಪ್ಪಿಸುತ್ತ ಗರವನ್ನು ಕೂಗುತ್ತಾನೆ. ಮನೆಯು ದಾಳದ ಪ್ರಾಮಾಣಿಕತೆಯನ್ನು ಆಟಗಾರನಿಗಿಂತಲೂ ಹೆಚ್ಚು ಶ್ರದ್ಧೆಯಿಂದ ಕಾಯುತ್ತದೆ. ಅದಕ್ಕೆ ಕಪಟದ ಅಗತ್ಯವಿಲ್ಲ. ಲೆಕ್ಕವು ತಪ್ಪದಿದ್ದರೆ ಅದಕ್ಕೆ ಸಾಕು.

ಮೇಜಿನ ಹಾಸಿನ ಮೇಲೆ ಪಾಸ್ ಗೆರೆಯಲ್ಲದೆ ಇನ್ನೂ ಅನೇಕ ಮನೆಗಳು ಬಣ್ಣಬಣ್ಣವಾಗಿ ಬರೆಯಲ್ಪಟ್ಟಿರುತ್ತವೆ. ಫೀಲ್ಡ್ ಎಂಬುದರಲ್ಲಿ ೨, ೩, ೪, ೯, ೧೦, ೧೧, ೧೨ ಎಂಬ ಏಳು ಮೊತ್ತಗಳು ಗೆಲವು, ನಾಲ್ಕು ಮೊತ್ತಗಳು ಮಾತ್ರ ಸೋಲು; ೨ ಮತ್ತು ೧೨ಕ್ಕೆ ಇಮ್ಮಡಿ ಹಣ. ಮೊತ್ತಗಳನ್ನು ಎಣಿಸುವವನಿಗೆ ಇದು ದಾನದಂತೆ ಕಾಣುತ್ತದೆ, ಬಗೆಗಳನ್ನು ಎಣಿಸಿದರೆ ಗೆಲವಿಗೆ ೧೬, ಸೋಲಿಗೆ ೨೦, ನೂರಕ್ಕೆ ೫.೫೬ ಮನೆಗೆ. ಮುಂದಿನ ಗರವೇ ಏಳೆಂದು ಒಡ್ಡುವ ಪಣಕ್ಕೆ ನ್ಯಾಯವಾಗಿ ಒಂದಕ್ಕೆ ಐದರಷ್ಟು ಲಾಭ ಸಲ್ಲಬೇಕು, ಕೊಡುವುದು ನಾಲ್ಕರಷ್ಟು, ನೂರಕ್ಕೆ ೧೬.೬೭ ಮನೆಯದು. ಹನ್ನೆರಡರ ಮೇಲೆ ಒಡ್ಡಿದವನಿಗೆ ಮೂವತ್ತೈದರಷ್ಟು ಸಲ್ಲಬೇಕಾದಲ್ಲಿ ಸಾಮಾನ್ಯವಾಗಿ ಮೂವತ್ತು, ಮನೆಗೆ ೧೩.೮೯. ಎರಡು ಎರಡುಗಳಿಂದಲೇ ನಾಲ್ಕು ಬೀಳಬೇಕೆಂಬ ಪಣದಲ್ಲಿ ೧೧.೧೧. ಕೆಲವು ಹಾಸುಗಳ ಬರಹದಲ್ಲಿಯೂ ಒಂದು ಜಾಣತನವಿದೆ. ಒಂದಕ್ಕೆ ಐದು ಕೊಡುವೆವೆಂದು ಬರೆದಿದ್ದರೆ ಆ ಐದರೊಳಗೆ ಆಟಗಾರನು ಒಡ್ಡಿದ ಒಂದೂ ಸೇರಿರುತ್ತದೆ. ನಿಜವಾದ ಲಾಭವು ನಾಲ್ಕೇ. ಪಣವು ಹೆಚ್ಚು ಮೋಹಕವಾದಷ್ಟೂ ಸಭಿಕನ ಪಾಲು ಹೆಚ್ಚೆಂಬುದು ಈ ಮೇಜಿನ ಸಾಮಾನ್ಯ ಧರ್ಮ.

ಇದಕ್ಕೆ ಅಪವಾದವಾಗಿ ಒಂದೇ ಪಣವಿದೆ; ಹಾಸಿನ ಮೇಲೆ ಸಾಮಾನ್ಯವಾಗಿ ಅದಕ್ಕೆ ಗುರುತೂ ಇರುವುದಿಲ್ಲ. ಗುರಿಯು ನಿಂತ ಮೇಲೆ, ಪಾಸ್ ಗೆರೆಯಲ್ಲಿ ಹಣವಿಟ್ಟವನು ಅದರ ಹಿಂದೆ ಇನ್ನಷ್ಟು ಹಣವನ್ನು ಇಡಬಹುದು. ಗೆದ್ದರೆ ಈ ಹೆಚ್ಚಿನ ಹಣಕ್ಕೆ ನ್ಯಾಯವಾದ ದರವೇ ಸಲ್ಲುತ್ತದೆ: ೪ ಮತ್ತು ೧೦ಕ್ಕೆ ಒಂದಕ್ಕೆರಡು, ೫ ಮತ್ತು ೯ಕ್ಕೆ ಎರಡಕ್ಕೆ ಮೂರು, ೬ ಮತ್ತು ೮ಕ್ಕೆ ಐದಕ್ಕೆ ಆರು. ನಾಲ್ಕು ಗುರಿಯಾದಾಗ ಹತ್ತು ಡಾಲರನ್ನು ಹೀಗಿಟ್ಟರೆ, ಮೂರು ಸಲದಲ್ಲಿ ಒಂದು ಸಲ ಇಪ್ಪತ್ತು ಬರುತ್ತದೆ, ಎರಡು ಸಲ ಹತ್ತು ಹತ್ತು ಹೋಗುತ್ತದೆ; ಲಾಭನಷ್ಟಗಳು ಸಮ. ಕ್ಯಾಸಿನೊ ಭವನದಲ್ಲಿ ಹೀಗೆ ಪಾಲಿಲ್ಲದ ಪಣವು ಬಹಳ ಅಪರೂಪ. ಆದರೆ ಪಾಲಿರುವ ಪಣವನ್ನು ಮೊದಲು ಒಡ್ಡದವನಿಗೆ ಇದು ದೊರೆಯುವುದಿಲ್ಲ. ಪಾಸ್ ಗೆರೆಯ ಮೇಲೆ ತೆರಬೇಕಾದದ್ದು ಇದರಿಂದ ಕಾಸಿನಷ್ಟೂ ಕಡಮೆಯಾಗುವುದಿಲ್ಲ. ಹೆಚ್ಚಿನ ಹಣವು ಮೇಜಿನ ಮೇಲೆ ಬಂದಷ್ಟೂ ಏರಿಳಿತಗಳು ದೊಡ್ಡವಾಗಿ, ಸಣ್ಣ ಗಂಟಿನವನು ಬೇಗನೆ ಬರಿಗೈಯಾಗುವ ಸಂಭವವೂ ಹೆಚ್ಚುತ್ತದೆ.

ನೂರಕ್ಕೆ ಒಂದೂವರೆಗೂ ಕಡಮೆಯಾದ ಪಾಲು ಮಹಲುಗಳನ್ನು ಹೇಗೆ ಕಟ್ಟೀತು ಎಂದು ವಾಚಕರು ಕೇಳಬಹುದು. ಯಾಜ್ಞವಲ್ಕ್ಯನ ಸಭಿಕನು ಪಡೆದ ಐದಕ್ಕೆ ಹೋಲಿಸಿದರೆ ಇದು ಅಗ್ಗವೆಂದೇ ತೋರುತ್ತದೆ. ಉತ್ತರವು ಪುನರಾವೃತ್ತಿಯಲ್ಲಿದೆ. ಒಬ್ಬನು ಒಂದೊಂದು ಡಾಲರಿನಂತೆ ೧೯೮೦ ಸಲ ಆಡಿದರೆ ಸರಾಸರಿ ನಷ್ಟವು ೨೮ ಡಾಲರು. ಆದರೆ ಅದೃಷ್ಟದ ಏರಿಳಿತವು ಈ ಸರಾಸರಿಯ ಎರಡು ಪಕ್ಕಗಳಿಗೂ ಸುಮಾರು ೪೪ ಡಾಲರುಗಳಷ್ಟು ತೂಗುವುದು ಸಹಜ. ಆದುದರಿಂದ ಅವರಲ್ಲಿ ಹಲವರು ಗೆದ್ದೇ ಮನೆಗೆ ಹೋಗುತ್ತಾರೆ, ಗೆದ್ದ ಕಥೆಯನ್ನು ನಾಲ್ಕು ಜನಕ್ಕೆ ಹೇಳುತ್ತಾರೆ. ಅದೇ ಆಟವು ೧,೯೮,೦೦೦ ಸಲ ನಡೆದರೆ ಸರಾಸರಿ ನಷ್ಟವು ನೂರು ಮಡಿಯಾಗಿ ೨೮೦೦ ಆಗುತ್ತದೆ. ಏರಿಳಿತವಾದರೋ ಹತ್ತು ಮಡಿ ಮಾತ್ರ ಬೆಳೆದು ೪೪೫ ಆಗುತ್ತದೆ. ಅಲ್ಲಿ ಅದೃಷ್ಟಕ್ಕೆ ಎಡೆಯೇ ಇಲ್ಲ. ಎಣಿಕೆ ಬೆಳೆದಂತೆ ಫಲವು ಸರಾಸರಿಗೆ ಅಂಟಿಕೊಳ್ಳುವ ಈ ನಿಯಮವನ್ನು ಸ್ವಿಟ್ಜರ್ಲೆಂಡಿನ ಯಾಕೋಬ್ ಬರ್ನೂಲಿ ಸಾಧಿಸಿದನು; ಆತನು ತೀರಿಕೊಂಡು ಎಂಟು ವರ್ಷಗಳ ಮೇಲೆ, ೧೭೧೩ರಲ್ಲಿ, ಆ ಗ್ರಂಥವು ಪ್ರಕಟವಾಯಿತು. ಆಟಗಾರನು ಆಡುವುದು ಮೊದಲನೆಯ ಲೆಕ್ಕದ ಆಟ. ಮನೆಯು ಆಡುವುದು ಎರಡನೆಯ ಲೆಕ್ಕದ ಆಟ. ಮೇಜು ಒಂದೇ, ದಾಳ ಒಂದೇ. ಆದರೆ ಒಬ್ಬನಿಗೆ ಅದು ಜೂಜು, ಇನ್ನೊಬ್ಬನಿಗೆ ವ್ಯಾಪಾರ.

ಇನ್ನೊಂದು ಸತ್ಯವನ್ನು ಹಾಲೆಂಡಿನ ಹೈಗೆನ್ಸನು ೧೬೫೭ರ ತನ್ನ ಗ್ರಂಥದ ಕೊನೆಯ ಪ್ರಶ್ನೆಯಲ್ಲಿ ಇಟ್ಟನು. ಇಬ್ಬರ ಬಳಿ ಹನ್ನೆರಡು ಹನ್ನೆರಡು ಕಾಸುಗಳಿವೆ. ಮೂರು ದಾಳಗಳಲ್ಲಿ ೧೧ ಬಿದ್ದರೆ ಒಬ್ಬನಿಗೆ, ೧೪ ಬಿದ್ದರೆ ಮತ್ತೊಬ್ಬನಿಗೆ ಒಂದು ಕಾಸು. ೧೧ಕ್ಕೆ ೨೭ ಬಗೆಗಳು, ೧೪ಕ್ಕೆ ೧೫. ಎರಡರಷ್ಟೂ ಇಲ್ಲದ ಈ ಅಂತರವು, ಒಬ್ಬನು ಪೂರ್ಣವಾಗಿ ಬರಿದಾಗುವವರೆಗೆ ಆಡಿದಾಗ, ಸಾವಿರದ ನೂರೈವತ್ತಾರಕ್ಕೂ ಮೇಲ್ಪಟ್ಟು ಒಂದಕ್ಕೆ ಎಂಬಷ್ಟಾಗಿ ಬೆಳೆಯುತ್ತದೆ. ಇದನ್ನೇ ಕ್ರ್ಯಾಪ್ಸ್ ಆಟಕ್ಕೆ ಹಚ್ಚಿ ನೋಡಬಹುದು. ನೂರು ಡಾಲರನ್ನು ಇನ್ನೂರು ಮಾಡುವೆನೆಂದು ಒಬ್ಬನು ಹೊರಟನೆನ್ನೋಣ. ನೂರನ್ನೂ ಒಂದೇ ಪಣವಾಗಿ ಪಾಸ್ ಗೆರೆಯ ಮೇಲೆ ಒಡ್ಡಿದರೆ ಸಾವಿರಕ್ಕೆ ೪೯೩ರಷ್ಟು ಅವಕಾಶವಿದೆ. ಹತ್ತು ಹತ್ತಾಗಿ ಆಡಿದರೆ ಸುಮಾರು ೪೩೦. ಒಂದೊಂದೇ ಡಾಲರಾಗಿ, ಜಾಗರೂಕತೆಯಿಂದ, ದೀರ್ಘಕಾಲ ಆಡಿದರೆ ಅವಕಾಶವು ಸಾವಿರಕ್ಕೆ ೫೬ಕ್ಕೆ ಇಳಿಯುತ್ತದೆ. ಸಂಸಾರದಲ್ಲಿ ಸದ್ಗುಣವಾದ ತಾಳ್ಮೆಯು ಈ ಮೇಜಿನ ಮುಂದೆ ಸಭಿಕನ ಸೇವಕನಾಗುತ್ತದೆ.

ದಾಳವು ಹಿಂದಿನದನ್ನು ನೆನಪಿಡುವುದಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಹತ್ತು ಗರಗಳಲ್ಲಿ ಏಳು ಬೀಳಲಿಲ್ಲವಾದುದರಿಂದ ಈಗ ಬಿದ್ದೇ ಬೀಳುವುದೆಂದು ನಂಬಿದವನೂ, ಕೈ ಕಾವೇರಿದೆಯಾದುದರಿಂದ ಬೀಳುವುದೇ ಇಲ್ಲವೆಂದು ನಂಬಿದವನೂ ಸಮಾನವಾಗಿ ಭ್ರಾಂತರು. ಹನ್ನೊಂದನೆಯ ಗರದಲ್ಲಿಯೂ ಏಳರ ಸಂಭವವು ಆರರಲ್ಲೊಂದೇ. ಸಾಮಾನ್ಯವಾಗಿ ಒಬ್ಬನ ಕೈಯಲ್ಲಿ ದಾಳಗಳು ಉಳಿಯುವುದು ಸರಾಸರಿ ಎಂಟೂವರೆ ಗರಗಳವರೆಗೆ. ೨೦೦೯ರ ಮೇ ತಿಂಗಳಲ್ಲಿ ಅಟ್ಲಾಂಟಿಕ್ ಸಿಟಿಯ ಒಂದು ಮೇಜಿನಲ್ಲಿ ಒಬ್ಬ ಮಹಿಳೆಯ ಕೈಯಲ್ಲಿ ಅವು ೧೫೪ ಗರಗಳವರೆಗೆ, ನಾಲ್ಕು ಗಂಟೆಗಳಿಗೂ ಮೀರಿ, ಉಳಿದವು. ಗಣಿತಜ್ಞರು ಲೆಕ್ಕಹಾಕಿ ಇಂತಹದು ಸುಮಾರು ೫೬೦ ಕೋಟಿಗೆ ಒಂದು ಸಲವೆಂದರು. ಅಂತಹ ರಾತ್ರಿಯ ಸುದ್ದಿಯು ಪತ್ರಿಕೆಗಳಲ್ಲಿ ಬರುತ್ತದೆ. ಏಳನೆಯ ಗರದಲ್ಲಿ ಕೈಸೋತವರ ಸುದ್ದಿಯನ್ನು ಯಾರೂ ಬರೆಯುವುದಿಲ್ಲ.

ಮಹಾಭಾರತದ ವನಪರ್ವದಲ್ಲಿ ನಳನ ಕಥೆಯು ಬ೦ದಿದೆ. ರಾಜ್ಯವನ್ನು ಜೂಜಿನಲ್ಲಿ ಸೋತ ನಳನು ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣರಾಜನ ಸಾರಥಿಯಾಗಿದ್ದಾಗ, ದಾರಿಯಲ್ಲಿ ಒಂದು ತಾರೆಯ ಮರವು ಎದುರಾಯಿತು. ಅದರ ಎಲೆಗಳೂ ಕಾಯಿಗಳೂ ಎಷ್ಟೆಂಬುದನ್ನು ರಾಜನು ನೋಡಿದೊಡನೆ ಹೇಳಿದನು. ನಳನು ರಥವನ್ನು ನಿಲ್ಲಿಸಿ ಎಣಿಸಿ ನೋಡಲು ಅದು ಸರಿಯಾಗಿತ್ತು. ಋತುಪರ್ಣನು ಅಕ್ಷಹೃದಯವನ್ನೂ ಸಂಖ್ಯಾವಿದ್ಯೆಯನ್ನೂ ಒಟ್ಟಿಗೆ ಬಲ್ಲವನಾಗಿದ್ದನು. ನಳನು ತನ್ನ ಅಶ್ವವಿದ್ಯೆಯನ್ನು ಕೊಡುವೆನೆಂದು ಹೇಳಿ ಆ ಅಕ್ಷಹೃದಯವನ್ನು ಪಡೆದನು. ದಾಳದ ಹೃದಯವು ಎಣಿಕೆಯೊಳಗಿದೆಯೆಂದು ಕವಿಯು ಕಂಡಿದ್ದನೆಂಬುದು ಆಶ್ಚರ್ಯಕರ. ಆ ವಿದ್ಯೆಯಿಂದ ನಳನು ಪುಷ್ಕರನೊಡನೆ ಮತ್ತೊಮ್ಮೆ ಆಡಿ ರಾಜ್ಯವನ್ನು ಹಿಂದಕ್ಕೆ ಪಡೆದನು; ಅವನ ಎದುರಿಗೆ ಇದ್ದವನು ತನ್ನಂತೆಯೇ ಒಬ್ಬ ಆಟಗಾರನು. ಕ್ಯಾಸಿನೊದ ಮೇಜಿನಲ್ಲಿ ಎದುರಿಗೆ ಪುಷ್ಕರನಿಲ್ಲ, ಸಭಿಕನಿದ್ದಾನೆ; ಅಕ್ಷಹೃದಯವನ್ನು ಅವನು ಮೊದಲೇ ಕಲಿತು, ಮೇಜಿನ ಹಾಸಿನಲ್ಲಿ ನೇಯ್ದಿಟ್ಟಿದ್ದಾನೆ. ಅಲ್ಲಿ ಎಣಿಕೆಯನ್ನು ಬಲ್ಲವನಿಗೆ ದೊರೆಯುವ ಫಲವು ರಾಜ್ಯಲಾಭವಲ್ಲ; ೯೭೬ ಮತ್ತು ೧೦೦೪ ಎಂಬ ಎರಡು ಅಂಕೆಗಳನ್ನು ಮನಸ್ಸಿನಲ್ಲಿಟ್ಟು, ಇದ್ದ ರಾಜ್ಯವನ್ನು ಉಳಿಸಿಕೊಳ್ಳುವುದು.